ಎಂಟನೆಯ ಬಾವಿ

ಭಾನುವಾರದ ಪುಟದಲ್ಲಿ ವಿನುತಾ ‘ಸಭೆ ಚೆನ್ನಾಗಿ ನಡೆಯಿತು’ ಎಂದಷ್ಟೇ ಬರೆದು ಪೆನ್ನಿಗೆ ಮುಚ್ಚಳ ಹಾಕಿದ್ದಳು. ಸೋಮವಾರ ಬೆಳಿಗ್ಗೆ ಶ್ರೀರಾಂಪುರದಲ್ಲಿ ಮೆಟ್ರೋ ಹತ್ತಿ, ಬಾಗಿಲ ಪಕ್ಕದ ಗಾಜಿಗೆ ಭುಜ ಆನಿಸಿ ನಿಂತಾಗ ಆ ಮೂರು ಪದಗಳು ಹಲ್ಲಿನ ಸಂದಿಗೆ ಸಿಕ್ಕಿದ ಸೊಪ್ಪಿನ ನಾರಿನ ಹಾಗೆ ನಾಲಿಗೆಗೆ ತಾಗುತ್ತಲೇ ಇದ್ದವು. ಪಿಯುಸಿಯಿಂದ ಬರೆದುಕೊಂಡು ಬಂದ ಡೈರಿ. ಅದಕ್ಕೆ ಬೀಗವಿಲ್ಲ. ಮನೆಯಲ್ಲಿ ಅದನ್ನು ತೆರೆದು ನೋಡುವ ಕುತೂಹಲ ಯಾರಿಗೂ ಇಲ್ಲ, ಅವಳ ಜೊತೆ ಒಂದೇ ಕೋಣೆಯಲ್ಲಿ ಮಲಗುವ ಅಜ್ಜಿ ಪಿಳ್ಳಮ್ಮನಿಗಂತೂ ಅಕ್ಷರವೇ ಬಾರದು. ಯಾರೂ ಓದದ ಪುಸ್ತಕದಲ್ಲಿ ಯಾರಿಗೆ ಹೆದರಿ ಸುಳ್ಳು ಬರೆದೆ? ಸಂಪಿಗೆ ರಸ್ತೆ ದಾಟಿ ರೈಲು ನೆಲದೊಳಕ್ಕೆ ಇಳಿಯಿತು. ಅಲ್ಲಿಯವರೆಗೆ ತಾರಸಿಗಳನ್ನೂ ನೀರಿನ ಟ್ಯಾಂಕುಗಳನ್ನೂ ತೋರಿಸುತ್ತಿದ್ದ ಗಾಜು ಇದ್ದಕ್ಕಿದ್ದಂತೆ ಕಪ್ಪಾಗಿ ಅವಳ ಮುಖವನ್ನೇ ಅವಳ ಮುಂದೆ ಹಿಡಿಯಿತು. ಆ ಮುಖ ಸಭ್ಯವಾಗಿತ್ತು. ಹಣೆಯಲ್ಲಿ ಚಿಕ್ಕ ಬಿಂದಿ, ಒಪ್ಪವಾಗಿ ಬಾಚಿದ ಕೂದಲು, ಯಾರಾದರೂ ಏನಾದರೂ ಕೇಳಿದರೆ ‘ಇಲ್ಲ ಸಾರ್’ ಎನ್ನಲು ಸಿದ್ಧವಾಗಿ ಸ್ವಲ್ಪವೇ ತೆರೆದುಕೊಂಡ ತುಟಿ. ಅವಳು ಕಣ್ಣು ತಗ್ಗಿಸಿ ಎದುರಿನ ಹೆಂಗಸಿನ ಚಪ್ಪಲಿಯನ್ನು ನೋಡತೊಡಗಿದಳು.

‘ಇಲ್ಲ ಸಾರ್.’ ನಿನ್ನೆ ಅವಳು ಅಂದದ್ದು ಅಷ್ಟೇ. ಅಷ್ಟು ಅನ್ನಲು ಎಷ್ಟು ಹೊತ್ತು ಬೇಕು? ಚಾಮರಾಜಪೇಟೆಯ ಆ ಚಿಕ್ಕ ಸಭಾಂಗಣದಲ್ಲಿ ನಲವತ್ತು ಪ್ಲಾಸ್ಟಿಕ್ ಕುರ್ಚಿಗಳಿದ್ದವು, ನಲವತ್ತೂ ತುಂಬಿದ್ದವು. ಫ್ಯಾನುಗಳು ಬಿಳಿ ಪರದೆಯನ್ನು ಒಂದೇ ಸಮನೆ ಅಲ್ಲಾಡಿಸುತ್ತಿದ್ದವು, ಅದರ ಮೇಲೆ ಬಿದ್ದ ಹಳೆಯ ಚಾಮರಾಜಪೇಟೆಯ ನಕ್ಷೆಯೂ ಗಾಳಿಗೆ ಒಣಹಾಕಿದ ಸೀರೆಯಂತೆ ಅಲೆಅಲೆಯಾಗಿ ಅಲ್ಲಾಡುತ್ತಿತ್ತು. ಬಡಾವಣೆಯ ನಿವಾಸಿಗಳ ಸಂಘದವರು ಮುಚ್ಚಿಹೋದ ಬಾವಿಗಳ ಜಾಗದಲ್ಲಿ ಒಂದೊಂದು ಕಲ್ಲು ನೆಡಬೇಕೆಂದಿದ್ದರು. ಏಳು ಬಾವಿಗಳ ಪಟ್ಟಿ ಅವರ ಬಳಿಯೇ ಇತ್ತು. ವಿನುತಾಳ ಆಫೀಸಿನವರು ಸಂಘಕ್ಕಾಗಿ ಸಿದ್ಧಮಾಡಿದ ನಕ್ಷೆಯ ಮೇಲೆ ಅವಕ್ಕೆ ಏಳು ನೀಲಿ ಬೊಟ್ಟುಗಳನ್ನು ಇಟ್ಟಾಗಿತ್ತು. ಎಂಟನೆಯದು ಮುನಿನಾರಾಯಣಪ್ಪ ಎಂಬ ಮುದುಕರ ಬಾವಿ. ಪಟ್ಟಿಯಲ್ಲಿಲ್ಲ, ಅವರ ಬಾಯಲ್ಲಿ ಮಾತ್ರ ಇತ್ತು. ಹಳೆಯ ಸರ್ವೆ ಹಾಳೆಯಲ್ಲಿ ಕಂಡರೆ ಎಂಟು ಕಲ್ಲು, ಕಾಣದಿದ್ದರೆ ಏಳು ಎಂದು ಮೊದಲೇ ಮಾತಾಗಿತ್ತು. ಮುದುಕರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಮದುವೆಮನೆಗೆ ಬಂದವರಂತೆ ಮೊದಲ ಸಾಲಿನಲ್ಲೇ ಕೂತಿದ್ದರು.

“ಇಲ್ಲೇ ಸ್ವಾಮಿ, ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ,” ಎದ್ದು ನಿಂತು, ಪರದೆಯ ತನಕ ಹೋಗಿ ಕೈಯಿಟ್ಟೇ ತೋರಿಸಿದ್ದರು. ಅವರ ಬೆರಳಿನ ಮೇಲೂ ಅಂಗಿಯ ತೋಳಿನ ಮೇಲೂ ನೂರು ವರ್ಷದ ಹಿಂದಿನ ಬೀದಿಗಳು ಹರಿದಾಡಿದವು. “ಇಲ್ಲಿ ನಮ್ಮ ತಾತ ಏತದಲ್ಲಿ ನೀರೆತ್ತಿದಾನೆ. ಸುತ್ತ ದಂಟು, ಮೆಂತ್ಯ, ಕೊತ್ತಂಬರಿ. ನಾನು ಇಷ್ಟುದ್ದ ಇದ್ದಾಗ ಮಣ್ಣು ಸುರಿದು ಮುಚ್ಚಿದ್ರು. ಮುಚ್ಚಿದ ದಿನ ನಮ್ಮಮ್ಮ ಒಲೆ ಹಚ್ಚಲಿಲ್ಲ.”

ಶಿವಶಂಕರ್ ಆ ಜಾಗವನ್ನು ದೊಡ್ಡದು ಮಾಡಿದ. ಆಫೀಸಿನಲ್ಲಿ ವಿನುತಾಗಿಂತ ಆರು ವರ್ಷಕ್ಕೆ ಹಿರಿಯ, ಮಾತುಗಾರ, ಕೆಟ್ಟವನೇನಲ್ಲ. ಪರದೆ ತುಂಬ ಮಾಸಲು ಕಾಗದದ ಬಣ್ಣ ಹರಡಿತು. ಒಂದು ಓಣಿ, ಒಂದು ಹೊಲದ ಗಡಿ, ನಡುವೆ ಏನೂ ಇಲ್ಲ. “ನೋಡಿ ತಾತಾ, ಖಾಲಿ. ನೂರು ವರ್ಷದ ಹಿಂದೆ ಅಳತೆ ಮಾಡಿ ಬರೆದಿರೋ ನಕ್ಷೆ ಇದು. ಮನುಷ್ಯರಿಗೆ ಮರೆವು ಬರುತ್ತೆ, ಇದಕ್ಕೆ ಬರಲ್ಲ.” ಹಿಂದಿನ ಸಾಲಿನಿಂದ ಇಸ್ತ್ರಿ ಗಾಡಿಯ ಕಾಳಪ್ಪ, “ಹಂಗಾದ್ರೆ ತಾತ ಇಷ್ಟು ವರ್ಷ ಸೋಮವಾರ ಸೋಮವಾರ ಅರಿಶಿನ ಹಚ್ಚಿ ದೀಪ ಇಟ್ಟಿದ್ದು ಕರೆಂಟ್ ಕಂಬಕ್ಕೆ ಅನ್ನಿ! ಅದಕ್ಕೇ ನಮ್ ಬೀದೀಲಿ ಪವರ್ ಕಟ್ ಕಮ್ಮಿ,” ಎಂದ. ನಗು ಎದ್ದಿತು. ಕೆಟ್ಟ ನಗುವಲ್ಲ, ಭಾನುವಾರದ ನಗು. ಮುದುಕರ ಮಗ ಮುನಿಕೃಷ್ಣ ತಾನೂ ನಗಬೇಕೋ ಬೇಡವೋ ತಿಳಿಯದೆ ಅಪ್ಪನ ತೋಳು ಜಗ್ಗಿ, “ಬಾಪ್ಪ, ಕೂತ್ಕೋ,” ಎಂದ. ಆದರೆ ಮುದುಕರು ಕೂರಲಿಲ್ಲ. ಮೂಲೆಯಲ್ಲಿ ಲ್ಯಾಪ್‌ಟಾಪಿನ ಹಿಂದೆ ಮುದುಡಿ ಕೂತಿದ್ದ ವಿನುತಾಳ ಕಡೆ ತಿರುಗಿ, “ನೀನು ನೋಡಿ ಹೇಳಮ್ಮ. ಚಿಕ್ಕೋರ ಕಣ್ಣು ಚೆನ್ನಾಗಿರುತ್ತೆ. ಏನೂ ಇಲ್ವಾ ಅಲ್ಲಿ?” ಎಂದರು.

ಅಲ್ಲಿ ಇತ್ತು. ಪರದೆಯ ಮೇಲೆ ಯಾರಿಗೂ ಕಾಣದಿದ್ದದ್ದು ಅವಳ ಮುಂದಿನ ಲ್ಯಾಪ್‌ಟಾಪಿನ ತೆರೆಯಲ್ಲಿ ಕಾಣುತ್ತಿತ್ತು: ಕೂದಲಿಗಿಂತ ಸಣ್ಣ, ಬೂದುಬಣ್ಣದ ಒಂದು ಉಂಗುರ. ಅಂಥ ಉಂಗುರಗಳನ್ನು ಅವಳು ಎರಡು ವಾರದಿಂದ ನೋಡಿದ್ದಳು, ಕಾಗದದ ಕಲೆ ಎಂದುಕೊಂಡಿದ್ದಳು. ಮುದುಕರು ಬೆರಳಿಟ್ಟು ತೋರಿಸಿದ ಆ ಗಳಿಗೆಯಲ್ಲಿ ಅದು ಕಲೆಯಲ್ಲ ಎಂದು ತಿಳಿಯಿತು. ಶಿವಶಂಕರ್ ಅವಳ ಕಡೆ ಹುಬ್ಬೇರಿಸಿ, “ಏನಾದ್ರೂ ಇದೆಯಾ ವಿನುತಾ?” ಎಂದ. ನಲವತ್ತು ಕುರ್ಚಿಗಳು ಕಿರುಗುಟ್ಟಿ ಅವಳತ್ತ ತಿರುಗಿದವು.

“ಇಲ್ಲ ಸಾರ್.”

ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಇಳಿದು ಬಸವನಗುಡಿಯ ಮರಗಳ ಕೆಳಗೆ ಆಫೀಸಿನ ಕಡೆ ನಡೆಯುವಾಗ ಅವಳು ಎಂದಿನಂತೆ ಹೂವಿನ ಅಂಗಡಿಗಳ ಬದಿಯ ಫುಟ್‌ಪಾತು ಹಿಡಿದಳು. ಎದುರು ಬದಿಯಲ್ಲಿ ಸೊಪ್ಪು ಮಾರುವ ಹೆಂಗಸರು ಕೂರುತ್ತಾರೆ. ಅವರಲ್ಲಿ ಯಾರಿಗೂ ಅವಳ ಗುರುತಿಲ್ಲ. ಆದರೂ ಅವರು ಕಂತೆ ಕಟ್ಟುವ ರೀತಿ, ಬಾಳೆನಾರನ್ನು ಹಲ್ಲಿನಲ್ಲಿ ಹಿಡಿದು ಎಳೆಯುವ ರೀತಿ ಕಂಡರೆ ಅವಳ ಕಾಲು ಬೇಗ ಬೇಗ ಬೀಳುತ್ತಿತ್ತು. ಅಜ್ಜಿಯೂ ಹಾಗೇ ಎಳೆಯುತ್ತಿದ್ದಳು. ಮಲ್ಲೇಶ್ವರಂ ಮಾರ್ಕೆಟ್ಟಿನ ಮೆಟ್ಟಿಲ ಪಕ್ಕ ಮೂವತ್ತೆಂಟು ವರ್ಷ ಕೂತವಳು. ಕಾಲೇಜಿನಲ್ಲಿ ಗೆಳತಿಯರ ಜೊತೆ ಆ ದಾರಿಯಲ್ಲಿ ಬರುವಾಗ ಒಮ್ಮೆ ಅಜ್ಜಿ ಅವಳನ್ನು ಕಂಡು, ಏನೂ ಅನ್ನದೆ, ತಟ್ಟನೆ ತಲೆ ಬಗ್ಗಿಸಿ ದಂಟಿನ ಬೇರು ಕೊಡವತೊಡಗಿದ್ದಳು. ಮೊಮ್ಮಗಳಿಗೆ ಕಷ್ಟವಾಗದಿರಲೆಂದು ಅಜ್ಜಿಯೇ ಮುಖ ತಿರುಗಿಸಿದ್ದಳು. ಆ ದಿನದ ಪುಟದಲ್ಲಿ ವಿನುತಾ ಏನು ಬರೆದಿದ್ದಳೋ ನೆನಪಿಲ್ಲ. ಬಹುಶಃ ‘ಇಂದು ಬಿಸಿಲು ಹೆಚ್ಚು’ ಎಂದಿರಬೇಕು.

ಬೇಕರಿಯ ಮೇಲಿನ ಮಹಡಿಯಲ್ಲಿ ಅವರ ಆಫೀಸು. ಮೂರು ಮೇಜು, ಒಂದು ಸ್ಕ್ಯಾನರ್, ಬೆಳಿಗ್ಗೆ ಹತ್ತರಿಂದ ಏರುವ ಬಿಸಿ ಬನ್ನಿನ ವಾಸನೆ. ಹಳೆಯ ಸರ್ವೆ ಹಾಳೆಗಳನ್ನು ಸ್ಕ್ಯಾನ್ ಮಾಡಿ, ಈಗಿನ ಬೀದಿಗಳಿಗೆ ಸರಿಯಾಗಿ ತಿರುಗಿಸಿ ಕೂರಿಸಿ, ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ ಡೇಟಾಬೇಸಿನಲ್ಲಿ ಇಡುವುದು ಅವರ ಕೆಲಸ. ನಕ್ಷೆ ಬಿಡಿಸುವ ಸಾಫ್ಟ್‌ವೇರು ಅಲ್ಲಿಂದ ಬೇಕಾದ ಚೌಕಗಳನ್ನು ಎತ್ತಿಕೊಂಡು ಜೋಡಿಸಿ ತೆರೆಯ ಮೇಲೆ ತೋರಿಸಬೇಕು. ಇವೆರಡನ್ನೂ ಕೂಡಿಸಲು ಒಂದೇ ಒಂದು ಸಾಲು ಸಾಕು: ಯಾವ ಕಂಪ್ಯೂಟರು, ಯಾವ ಡೇಟಾಬೇಸು, ಯಾರ ಹೆಸರು, ಏನು ಪಾಸ್‌ವರ್ಡು, ಯಾವ ಟೇಬಲ್ಲು. ಆ ಸಾಲನ್ನು ಬರೆಯುವ ಕೆಲಸ ಅವಳಿಗೆ ಬಂದಿತ್ತು. ಮೂರು ವಾರ ಅದು ಕೂಡಲಿಲ್ಲ. ನಕ್ಷೆಯ ಬದಲು ನಾಲ್ಕು ಸಾವಿರ ಚೌಕಗಳ ಹೆಸರುಪಟ್ಟಿ ಬಂದು ನಿಲ್ಲುತ್ತಿತ್ತು. ಯಾವುದು ಬೇಕು ಎಂದು ಕೇಳುತ್ತಿತ್ತು. ಎಲ್ಲ ಚೌಕಗಳೂ ಸೇರಿ ಒಂದೇ ಚಿತ್ರ ಎಂದು ಅದಕ್ಕೆ ಹೇಳಬೇಕಿತ್ತು. ಹಾಗೆ ಹೇಳಲು ಸಾಲಿನ ಕೊನೆಯಲ್ಲಿ ‘ಎರಡು’ ಎಂಬ ಅಂಕಿ ಬೇಕಿತ್ತು. ಅದನ್ನು ಅವಳು ಬಿಟ್ಟಿದ್ದಳು. ಯಾರನ್ನಾದರೂ ಕೇಳಿದ್ದರೆ ಒಂದು ನಿಮಿಷದ ಕೆಲಸ. ಕೇಳಲು ಬಾಯಿ ಬರಲಿಲ್ಲ.

ಕೊನೆಗೆ ಶಿವಶಂಕರನೇ ಅವಳ ಫೈಲನ್ನು ಗೋಡೆಯ ಮೇಲಿನ ದೊಡ್ಡ ತೆರೆಗೆ ಹಾಕಿ ಎಲ್ಲರೆದುರು ಓದಿದ್ದ. “ಹೋಸ್ಟ್ ಸರಿ… ಯೂಸರ್ ಸರಿ… ಪಾಸ್‌ವರ್ಡ್, ಪಿಳ್ಳಮ್ಮ? ಇದ್ಯಾವುದ್ರೀ ಪಿಳ್ಳಮ್ಮ?” ಆಫೀಸು ಘೊಳ್ಳೆಂದಿತು. “ಯಾವ ಕಾಲದ ಹೆಸರ್ರೀ ಇದು! ಹ್ಯಾಕರ್ರೂ ಓದಿ ಕೈ ಮುಗಿದು ವಾಪಸ್ ಹೋಗ್ತಾನೆ.” ಅವಳೂ ನಕ್ಕಿದ್ದಳು. “ಸುಮ್ನೆ ಹಾಕಿದ್ದು ಸಾರ್, ಏನೋ ಹಳೇ ಹೆಸರು ಅಂತ.” ಏನೋ ಹಳೇ ಹೆಸರು. ಅಂದಿನಿಂದ ಶಿವಶಂಕರ್ ಅವಳನ್ನು ಕರೆಯುವುದೇ ಹಾಗೆ, ಪ್ರೀತಿಯಿಂದಲೇ. ಅವಳು ಪ್ರತಿ ಸಲವೂ ನಗುತ್ತಾಳೆ.

“ಏನ್ರೀ ಪಿಳ್ಳಮ್ಮ!” ಇವತ್ತೂ ಬಾಗಿಲಲ್ಲೇ ಕೂಗಿದ. “ನಿನ್ನೆ ಸೂಪರ್. ಒಂದ್ ಸಲನೂ ನಿಲ್ಲಲಿಲ್ಲ, ಬೆಣ್ಣೆ ಥರ ಹೋಯ್ತು ನಕ್ಷೆ. ನಾನು ಮೇಡಂಗೆ ಹೇಳಿದೀನಿ, ಎಲ್ಲಾ ನಿಮ್ದೇ ಕೆಲಸ ಅಂತ.”

“ಥ್ಯಾಂಕ್ಸ್ ಸಾರ್,” ಎಂದಳು, ನಕ್ಕಳು, ತನ್ನ ಕುರ್ಚಿಗೆ ಹೋಗಿ ಕೂತಳು. ಎಲ್ಲಾ ನಿಮ್ದೇ ಕೆಲಸ. ಹೌದು, ಎಲ್ಲಾ ಅವಳದೇ ಕೆಲಸ. ಎರಡು ವಾರದ ಹಿಂದೆ, ಒಂದು ಮಧ್ಯಾಹ್ನ, ಹಾಳೆಗಳನ್ನು ಒಂದರ ಪಕ್ಕ ಒಂದು ಕೂರಿಸಿದಾಗ ಅಂಚುಗಳಲ್ಲಿ ಕಪ್ಪು ತ್ರಿಕೋನಗಳು ಎದ್ದು ಕೂತಿದ್ದವು. ಹಾಳೆಯನ್ನು ಓರೆಯಾಗಿ ತಿರುಗಿಸಿದಾಗ ಮೂಲೆಗಳಲ್ಲಿ ಉಳಿಯುವ ಖಾಲಿ ಜಾಗ ಅದು. ಕಂಪ್ಯೂಟರು ಅದನ್ನು ಸೊನ್ನೆಯಿಂದ ತುಂಬುತ್ತದೆ, ಸೊನ್ನೆ ಎಂದರೆ ಕಡುಗಪ್ಪು. ನೋಡಲು ಅಸಹ್ಯ. ಆಫೀಸು ನಡೆಸುವ ಪ್ರೇಮಲತಾ ಮೇಡಂ ಬೆನ್ನ ಹಿಂದೆ ನಿಂತು, “ಇದೊಂದು ಹೋಗ್ಬಿಟ್ರೆ ಎಷ್ಟು ಕ್ಲೀನ್ ಆಗುತ್ತಲ್ವಾ?” ಅಂದಿದ್ದರು. ಅವಳು ಒಂದೇ ಆಜ್ಞೆಯಲ್ಲಿ ಡೇಟಾಬೇಸಿಗೆ ಹೇಳಿದಳು: ಸೊನ್ನೆ ಇರುವ ಕಡೆಯೆಲ್ಲ ಏನೂ ಇಲ್ಲ ಎಂದು ತಿಳಿ. ಏನೂ ಇಲ್ಲದ್ದನ್ನು ಬಿಡಿಸಬೇಡ. ತ್ರಿಕೋನಗಳು ಮಾಯವಾದವು. ಮೇಡಂ ಅವಳ ಹೆಗಲು ತಟ್ಟಿದರು. ಹೆಗಲ ಮೇಲೆ ಯಾರಾದರೂ ಕೈಯಿಟ್ಟು ಎಷ್ಟು ದಿನವಾಗಿತ್ತೋ. ಆ ದಿನದ ಡೈರಿಯಲ್ಲಿ ಒಂದಿಡೀ ಪುಟ ಬರೆದಿದ್ದಳು.

ಆ ಹಾಳೆಗಳ ಶಾಯಿ ಹಳತಾಗಿ ಕಂದಿತ್ತು. ಗಡಿಗಳು, ಓಣಿಗಳು, ಹೆಸರುಗಳು ಎಲ್ಲ ಕಡುಬೂದು. ಯಾವುದೂ ಪೂರ್ತಿ ಸೊನ್ನೆಯಲ್ಲ. ಆದ್ದರಿಂದ ಎಲ್ಲವೂ ಉಳಿದವು, ಯಾರಿಗೂ ಅನುಮಾನ ಬರಲಿಲ್ಲ. ಬಾವಿಗಳನ್ನು ಮಾತ್ರ ಆಮೇಲೆ ಯಾರೋ ಬೇರೆ ಕೈಯವರು ಹೊಸ ಮಸಿಯಲ್ಲಿ, ಒತ್ತಿ, ಗುಂಡಗೆ, ಒಳಗೆಲ್ಲ ತುಂಬಿ ಗುರುತು ಮಾಡಿದ್ದರು. ಅಷ್ಟು ಅಚ್ಚ ಕಪ್ಪು ಆ ಹಾಳೆಯಲ್ಲಿ ಬೇರೆ ಎಲ್ಲೂ ಇರಲಿಲ್ಲ. ಯಾವುದನ್ನು ಅವರು ಎಲ್ಲಕ್ಕಿಂತ ಗಟ್ಟಿಯಾಗಿ ಬರೆದಿದ್ದರೋ ಅದನ್ನೇ ಅವಳು ‘ಏನೂ ಇಲ್ಲ’ ಎಂದು ಬರೆದುಬಿಟ್ಟಿದ್ದಳು. ಮಸಿ ಹರಡಿ ತಿಳಿಯಾದ ಅಂಚು ಮಾತ್ರ ಬೂದು ಉಂಗುರವಾಗಿ ಉಳಿದಿತ್ತು. ಏಳು ತೂತುಗಳ ಮೇಲೆ ಪಟ್ಟಿಯ ನೀಲಿ ಬೊಟ್ಟುಗಳು ಕೂತು ಮುಚ್ಚಿದ್ದವು. ಎಂಟನೆಯದನ್ನು ಮುಚ್ಚಲು ಏನೂ ಇರಲಿಲ್ಲ, ಒಬ್ಬ ಮುದುಕರ ಮಾತಿನ ಹೊರತು.

ಅವಳು ಆ ಒಂದು ಹಾಳೆಗೆ ಮಾತ್ರ ಆಜ್ಞೆಯನ್ನು ಹಿಂದಕ್ಕೆ ಪಡೆದಳು. ತೆರೆ ಒಮ್ಮೆ ಬೆಳ್ಳಗಾಗಿ ಮತ್ತೆ ತುಂಬಿಕೊಂಡಿತು. ಮೂಲೆಗಳಲ್ಲಿ ಆ ಕೊಳಕು ತ್ರಿಕೋನಗಳು ಹಾಜರಾದವು. ಅವುಗಳ ಜೊತೆ, ಓಣಿಗೂ ಹೊಲದ ಗಡಿಗೂ ನಡುವೆ, ಮುದುಕರ ಬೆರಳು ತಾಗಿದ ಜಾಗದಲ್ಲೇ, ಒಂದು ಬೊಟ್ಟು. ಸಾಸಿವೆಕಾಳಿನಷ್ಟು. ಅದು ಅವಳನ್ನು ನೋಡುತ್ತಿರುವಂತೆ ಕಂಡಿತು. ಎಷ್ಟೋ ಹೊತ್ತು ಅವಳು ಅದರ ಕಣ್ಣು ತಪ್ಪಿಸಲಾರದೆ ಕೂತಿದ್ದಳು. ಕೆಳಗೆ ಬೇಕರಿಯವನು ತಟ್ಟೆಗಳನ್ನು ದಬದಬನೆ ಬಡಿದ.

ಪ್ರೇಮಲತಾ ಮೇಡಂ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಕಾಫಿ ಹಿಡಿದು ಅವಳ ಮಾತು ಕೇಳಿದರು. ಮಾತನ್ನು ಅವಳು ಕುರ್ಚಿಯಿಂದ ಏಳುವ ಮೊದಲೇ ಸಿದ್ಧ ಮಾಡಿಕೊಂಡಿದ್ದಳು, ‘ನಾನು’ ಎಂಬ ಪದ ಎಲ್ಲಿಯೂ ಬಾರದ ಹಾಗೆ. “ಮೇಡಂ, ಸೆಟ್ಟಿಂಗಲ್ಲಿ ಒಂದು ಪ್ರಾಬ್ಲಮ್ ಆಗಿತ್ತು. ಕಪ್ಪು ಬಣ್ಣ ಕಾಣಿಸ್ತಿರ್ಲಿಲ್ಲ. ಈಗ ಬರ್ತಿದೆ. ಆ ತಾತ ಹೇಳಿದ ಬಾವಿ ಇದೆ ಮೇಡಂ.”

“ಅಯ್ಯೋ ರಾಮ!” ಮೇಡಂ ಫೋನು ಕೆಳಗಿಟ್ಟರು. “ಪಾಪ, ಆ ಮನುಷ್ಯ ನಿನ್ನೆ ಸಂಜೇನೇ ಮಗನ ಕೈಲಿ ಸಂಘದವರಿಗೆ ಫೋನ್ ಮಾಡ್ಸಿದಾರಂತೆ. ನಂದೇ ತಪ್ಪು, ನಂಗೆ ಬಾವಿ ಬೇಡ, ಬರ್ಕೊಂಡಿರೋ ಹೆಸರು ಹೊಡೆದುಹಾಕಿ ಅಂತ. ನಾಳೆ ಕಲ್ಲು ಕೆತ್ತೋರಿಗೆ ಪಟ್ಟಿ ಕೊಡ್ತಾರೆ, ಏಳಕ್ಕೆ.” ಅವರು ಅವಳನ್ನು ನೋಡಿದರು, ಏನನ್ನೋ ಕೇಳಬೇಕೆಂದುಕೊಂಡು ಬಿಟ್ಟರು. “ಒಂದ್ ಪ್ರಿಂಟ್ ತಗೊಂಡು ನೀನೇ ಹೋಗ್ಬಾ. ಅವರು ಹೂಂ ಅಂದ್ರೆ ಸಂಘದವರಿಗೆ ನಾನು ಹೇಳ್ತೀನಿ. ಯಾರ್ ತಪ್ಪು ಏನು ಅಂತೆಲ್ಲ ಬಿಡಿಸೋಕೆ ಹೋಗ್ಬೇಡ, ಟೆಕ್ನಿಕಲ್ ಅನ್ನು. ಖುಷಿಯಾಗ್ತಾರೆ.”

ಟೆಕ್ನಿಕಲ್. ಸಂಜೆ ಬುಲ್ ಟೆಂಪಲ್ ರಸ್ತೆಯ ಉದ್ದಕ್ಕೂ ಅವಳು ಆ ಪದವನ್ನು ಹೊತ್ತುಕೊಂಡು ನಡೆದಳು. ಆಟೋ ಹತ್ತಬಹುದಿತ್ತು, ಆದರೆ ಹತ್ತಿದರೆ ಬೇಗ ತಲುಪುತ್ತದೆ. ಸುರುಳಿ ಸುತ್ತಿದ ಕಾಗದ ಕೈಯ ಬೆವರಿಗೆ ಮೆತ್ತಗಾಗುತ್ತಿತ್ತು. ನಿನ್ನೆ ಸಭೆ ಶುರುವಾಗುವ ಮೊದಲು, ಕಾಫಿಯ ಲೋಟ ಹಿಡಿದು ಅವರೇ ಅವಳ ಬಳಿ ಬಂದಿದ್ದರು. “ಯಾರ ಮನೆಯವಳಮ್ಮ ನೀನು? ಮುಖ ನೋಡಿದ್ರೆ ನಮ್ಮೋರ ಥರ ಇದೀಯ.” ಶಿವಶಂಕರ್ ಪಕ್ಕದಲ್ಲೇ ವೈರು ಬಿಡಿಸುತ್ತಿದ್ದ. ಅವಳು “ಶ್ರೀರಾಂಪುರ” ಎಂದು ಬಡಾವಣೆಯ ಹೆಸರನ್ನು ಅಡ್ಡ ಹಿಡಿದು, ಪ್ಲಗ್ಗು ನೋಡುವ ನೆಪದಲ್ಲಿ ಬಗ್ಗಿದ್ದಳು. ಅಜ್ಜಿ ಅಂದು ದಂಟಿನ ಕಡೆ ಬಗ್ಗಿದ ಹಾಗೇ. ಅಲ್ಲ, ಅಜ್ಜಿ ಬಗ್ಗಿದ್ದು ಬೇರೆಯವರಿಗಾಗಿ. ಹಾಗಾದರೆ ಅವಳಿಗೆ ಹೆದರಿಕೆ ಇದ್ದದ್ದು ಯಾವುದಕ್ಕೆ? ನಲವತ್ತು ಜನರ ಎದುರು ‘ತಪ್ಪು ನನ್ನದು’ ಎಂದಿದ್ದರೆ ಏನಾಗುತ್ತಿತ್ತು? ಶಿವಶಂಕರ್ “ಏನ್ರೀ ಪಿಳ್ಳಮ್ಮ” ಎನ್ನುತ್ತಿದ್ದ. ನಗು ಏಳುತ್ತಿತ್ತು. ಅದೇ ಭಾನುವಾರದ ನಗು. ಆ ನಗು ಯಾರ ಮೇಲಾದರೂ ಬೀಳಲೇಬೇಕಿತ್ತು. ಅವಳು ಬಗ್ಗಿದಳು, ಅದು ಅವಳ ತಲೆಯ ಮೇಲಿಂದ ಹಾದು ಎಂಬತ್ತು ದಾಟಿದ ಮುದುಕರಿಗೆ ಬಡಿಯಿತು.

ಟ್ರಾನ್ಸ್‌ಫಾರ್ಮರ್ ಇರುವ ತಿರುವಿನಲ್ಲಿ ಅವಳ ಕಾಲು ತಾನಾಗಿ ನಿಂತಿತು. ಬೇಲಿಯ ಬುಡದಲ್ಲಿ, ಫುಟ್‌ಪಾತಿನ ಕಲ್ಲುಚಪ್ಪಡಿಯ ಮೇಲೆ, ಒಂದು ಮೊಳದಷ್ಟು ಜಾಗ ಸುತ್ತಲಿನ ಕಲ್ಲಿಗಿಂತ ಬೆಳ್ಳಗಿತ್ತು. ಯಾರೋ ಉಜ್ಜಿ ತೊಳೆದಿದ್ದರು. ಎಷ್ಟೋ ವರ್ಷದ ಅರಿಶಿನ ಸಂದಿಗಳಲ್ಲಿ ಮಾತ್ರ ಹಳದಿ ಗೆರೆಯಾಗಿ ಉಳಿದಿತ್ತು. ಎದುರಿನ ಗಾಡಿಯಲ್ಲಿ ಕಾಳಪ್ಪ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದ. “ತಾತನ ಮನೆನಾ ಮೇಡಂ? ಆ ಸೊಪ್ಪಿನಂಗಡಿ ನೋಡಿ, ಅದೇ,” ಎಂದ. ಆಮೇಲೆ ಕೇಳದೆಯೇ, ಬೇರೆ ದನಿಯಲ್ಲಿ ಅಂದ: “ಬೆಳಿಗ್ಗೆ ಐದಕ್ಕೇ ಬಂದು ತೆಂಗಿನ ನಾರಲ್ಲಿ ಉಜ್ತಾ ಕೂತಿದ್ರು. ನಾನು ತಮಾಷೆಗೆ ಅಂದಿದ್ದು ಮೇಡಂ. ದೇವರಾಣೆ ತಮಾಷೆಗೆ.”

ಮನೆಯ ಮುಂಗೋಣೆಯೇ ಅಂಗಡಿ. ಮುನಿಕೃಷ್ಣ ತಕ್ಕಡಿಯ ಹಿಂದೆ ನಿಂತಿದ್ದ. ಮುದುಕರು ಹಿಂದೆ ಗೋಣಿಯ ಮೇಲೆ ಕೂತು ಮೆಂತ್ಯದ ಹಳದಿ ಎಲೆಗಳನ್ನು ಆಯುತ್ತಿದ್ದರು. ಇವತ್ತು ಬಿಳಿ ಅಂಗಿಯಿರಲಿಲ್ಲ. ಬನಿಯನ್ನಿನಲ್ಲಿ ಅವರು ಎಷ್ಟು ಚಿಕ್ಕವರಾಗಿ ಕಾಣುತ್ತಿದ್ದರೆಂದರೆ ನಿನ್ನೆ ಪರದೆಯ ಎದುರು ನಿಂತವರು ಇವರೇ ಎಂದು ಒಂದು ಕ್ಷಣ ನಂಬಿಕೆಯಾಗಲಿಲ್ಲ.

“ಯಾರು? ಓ, ನಕ್ಷೆಯವ್ರು,” ಎಂದು ಮುನಿಕೃಷ್ಣ ಮುಖ ಗಂಟು ಹಾಕಿದ. “ಮುಗೀತಲ್ಲ ಮೇಡಂ ಅದು. ಮತ್ತೆ ಯಾಕೆ ಮುದುಕನ ತಲೆ ಕೆಡಿಸ್ತೀರ?”

“ಬಾಮ್ಮ, ಬಾ,” ಮುದುಕರು ಪಕ್ಕದ ಗೋಣಿ ಸರಿಸಿದರು. “ನಿಮ್ಮನ್ನೆಲ್ಲ ಸುಮ್ನೆ ತೊಂದ್ರೆ ಪಡಿಸ್ದೆ ನಾನು. ತಲೆ ಸರಿಯಿಲ್ಲ ಕಣಮ್ಮ ಈಗೀಗ. ನಿನ್ನೆ ಮನೆಗೆ ಬಂದು ಕೂತ್ಕೊಂಡು ಯೋಚನೆ ಮಾಡ್ದೆ. ತಾತ ಏತ ಎತ್ತಿದ್ದು ನಾನು ನೋಡಿದ್ನಾ, ಇಲ್ಲಾ ಅಮ್ಮ ಹೇಳಿದ್ದು ಕೇಳಿ ನೋಡಿದೀನಿ ಅನ್ಕೊಂಡ್ನಾ? ಅಕ್ಕಿಪೇಟೆ ಕಡೆ ಒಂದು ತೋಟ ಇತ್ತಂತೆ, ಅದೇನೋ. ಅಮ್ಮ ಒಲೆ ಹಚ್ಚಲಿಲ್ಲ ಅಂದ್ನಲ್ಲ, ಅದು ಬಾವಿ ಮುಚ್ಚಿದ ದಿನಾನೋ, ತಾತ ಸತ್ತ ದಿನಾನೋ. ಯಾವುದೂ ಗಟ್ಟಿಯಾಗಿ ನಿಲ್ತಾ ಇಲ್ಲ.” ಎಲೆ ಆಯುವುದು ನಿಲ್ಲಿಸಿರಲಿಲ್ಲ. ಹಸಿರು ಎಲೆಗಳನ್ನೂ ಕಿತ್ತು ಹಾಕುತ್ತಿದ್ದಾರೆ ಎಂಬುದನ್ನು ಅವಳು ಕಂಡಳು.

ಒಂದೇ ದಿನದಲ್ಲಿ. ಎಂಬತ್ತು ವರ್ಷ ನಿಂತದ್ದು ಅವಳ ಎರಡು ಪದಗಳಿಗೆ ಒಂದೇ ದಿನದಲ್ಲಿ ಕುಸಿದಿತ್ತು. ಅವಳು ಕಾಗದವನ್ನು ಸೊಪ್ಪಿನ ಕಂತೆಗಳ ಮೇಲೆ ಬಿಚ್ಚಿದಳು. ಅದು ಮತ್ತೆ ಮತ್ತೆ ಸುರುಳಿಯಾಗಲು ಹೋಯಿತು. ಮುನಿಕೃಷ್ಣ ಒಂದು ಮೂಲೆಗೆ ತೂಕದ ಕಲ್ಲು ಇಟ್ಟ. “ಬಾವಿ ಇದೆ ತಾತಾ. ಇಲ್ಲಿ ನೋಡಿ. ನೀವು ಹೇಳಿದ ಕಡೆನೇ.”

ಮುದುಕರು ಬಹಳ ಹೊತ್ತು ನೋಡಿದರು. ಮಣ್ಣು ಮೆತ್ತಿದ ಬೆರಳನ್ನು ಬನಿಯನ್ನಿಗೆ ಒರೆಸಿಕೊಂಡರು, ಆದರೂ ಬೊಟ್ಟನ್ನು ಮುಟ್ಟಲಿಲ್ಲ. “ನಿನ್ನೆದೂ ನಕ್ಷೆ, ಇವತ್ತಿಂದೂ ನಕ್ಷೆ. ಯಾವುದನ್ನಮ್ಮ ನಂಬೋದು?”

“ಇದನ್ನ. ನಿನ್ನೆ ಅದು… ಕಪ್ಪು ಬಣ್ಣ ಕಾಣದ ಹಾಗೆ ಆಗಿತ್ತು. ಟೆಕ್ನಿಕಲ್…” ಅವಳು ಆ ಪದವನ್ನು ಅಲ್ಲೇ ಬಿಟ್ಟಳು. “ನಾನೇ ತಾತಾ. ಅಂಚಿನ ಕಪ್ಪು ಹೋಗ್ಲಿ ಅಂತ ನಾನು ಅಳಿಸ್ದೆ. ಅದ್ರ ಜೊತೆ ನಿಮ್ಮ ಬಾವಿನೂ ಅಳಿಸೋಯ್ತು.”

ಮುದುಕರು ತಲೆಯೆತ್ತಿ ಅವಳ ಮುಖವನ್ನೇ ನೋಡಿದರು. ಕೋಪವಿರಲಿಲ್ಲ, ಅವರಿಗೆ ಒಂದೇ ಒಂದು ವಿಷಯ ಗೊತ್ತಾಗಬೇಕಿತ್ತು. “ನಿನ್ನೆ ನಾನು ಕೇಳ್ದಾಗ ಇದು ನಿಂಗೆ ಗೊತ್ತಿತ್ತಾ ಮಗಾ?”

“ಇಲ್ಲ ತಾತಾ,” ಎಂದಳು ವಿನುತಾ. “ಇವತ್ತು ಬೆಳಿಗ್ಗೆ ನೋಡ್ದೆ.”

ಎಷ್ಟು ಸಲೀಸಾಗಿ ಬಂತು! ನಿನ್ನೆಗಿಂತ ಸಲೀಸು. ಮುದುಕರ ಮುಖ ಮಾತ್ರ ಬಿಚ್ಚಿಕೊಂಡಿತು. “ನೋಡೋ ಮುನಿಕೃಷ್ಣಾ! ಬೆಳಿಗ್ಗೆ ನೋಡಿ ಸಂಜೆಗೆ ಬಂದವಳೆ. ಯಾರಾದ್ರೂ ಮಾಡ್ತಾರಾ ಈಗಿನ ಕಾಲದಲ್ಲಿ? ಯಾರ ಮನೆ ಮಗಳಮ್ಮ ನೀನು? ನಿನ್ನೆನೂ ಕೇಳ್ದೆ, ಹೇಳ್ಲಿಲ್ಲ.”

ಒಂದು ಸುಳ್ಳಿಗೆ ಬದಲಾಗಿ ಒಂದು ನಿಜವನ್ನಾದರೂ ಕೊಡಬೇಕೆನಿಸಿ ಅವಳು ಹೇಳಿದಳು. “ಪಿಳ್ಳಮ್ಮ ಅಂತ. ಮಲ್ಲೇಶ್ವರಂ ಮಾರ್ಕೆಟ್ಟಲ್ಲಿ ಸೊಪ್ಪು ಮಾರ್ತಿದ್ರು. ಅವ್ರ ಮೊಮ್ಮಗಳು.”

“ಪಿಳ್ಳಮ್ಮನ ಮೊಮ್ಮಗಳಾ! ಮೆಟ್ಟಿಲ ಹತ್ರ ಕೂರ್ತಿದ್ಲಲ್ಲ, ಜೋರು ಬಾಯಿ!” ಮುದುಕರು ಎದ್ದೇಬಿಟ್ಟರು. “ಅದಕ್ಕೇ ಅನ್ನು. ನಮ್ಮನೆ ಮಗು. ಅದಕ್ಕೇ ನಮ್ಮ ಮಾತು ಉಳ್ಸಕ್ಕೆ ಬಂದವಳೆ. ಲೇ, ಆ ಸಂಘದೋರಿಗೆ ಫೋನ್ ಹಚ್ಚು, ಎಂಟು ಅಂತ ಹೇಳು. ಸೋಮವಾರ ಅಲ್ವಾ ಇವತ್ತು? ಅರಿಶಿನ ತತ್ತಾ, ದೀಪ ತತ್ತಾ. ಬಾಮ್ಮ, ನಿನ್ನ ಕೈಲೇ ಆಗ್ಲಿ.”

ಬೇಡ ಎನ್ನುವಷ್ಟರಲ್ಲಿ ಅವಳು ಬೀದಿಯಲ್ಲಿದ್ದಳು. ಮುದುಕರು ಬನಿಯನ್ನಿನಲ್ಲೇ ಮುಂದೆ ಮುಂದೆ ನಡೆದರು, ಎದುರು ಬಂದವರಿಗೆಲ್ಲ ಹೇಳಿದರು. “ಇವಳೇ ಕಣ್ರಿ ಕಂಡುಹಿಡಿದಿದ್ದು! ಪಿಳ್ಳಮ್ಮನ ಮೊಮ್ಮಗಳು, ಕಂಪ್ಯೂಟರ್ ಓದವಳೆ!” ಕಾಳಪ್ಪ ಇಸ್ತ್ರಿಪೆಟ್ಟಿಗೆ ಬಿಟ್ಟು ಓಡಿಬಂದು ಕೈ ಮುಗಿದ. ಮುಗಿದದ್ದು ಮುದುಕರಿಗೋ ತನಗೋ ಅವಳಿಗೆ ತಿಳಿಯಲಿಲ್ಲ. ಹಾಲಿನ ಬೂತಿನಲ್ಲಿ ನಿಂತ ಹೆಂಗಸರು ತಿರುಗಿ ನೋಡಿ ನಕ್ಕರು, ಒಳ್ಳೆಯ ನಗು. ಅವಳ ಮೈ ಆ ಒಳ್ಳೆಯ ನಗುವಿಗೆ ಸುಟ್ಟುಕೊಂಡಿತು. ನಿನ್ನೆ ಬಗ್ಗಿ ತಪ್ಪಿಸಿಕೊಂಡದ್ದು ಇವತ್ತು ಹೂವಿನ ಹಾರವಾಗಿ ಕೊರಳಿಗೆ ಬೀಳುತ್ತಿತ್ತು, ಬಗ್ಗಿದಷ್ಟೂ ಸರಿಯಾಗಿ ಬೀಳುತ್ತಿತ್ತು. ಇನ್ನೇನು, ಇಲ್ಲಿಗೆ ಮುಗಿಯುತ್ತದೆ. ಕಲ್ಲು ಎಂಟಾಗುತ್ತದೆ. ಮುದುಕರು ಸಂತೋಷವಾಗಿದ್ದಾರೆ. ಯಾರಿಗೂ ನಷ್ಟವಿಲ್ಲ. ‘ತಾತನ ಮನೆಗೆ ಹೋಗಿದ್ದೆ, ಖುಷಿಪಟ್ಟರು’ ಎಂದು ಪುಟದಲ್ಲಿ ಬರೆದರೆ ಅದರಲ್ಲಿ ಒಂದು ಪದವೂ ಸುಳ್ಳಾಗುವುದಿಲ್ಲ.

ಮುದುಕರು ತೊಳೆದ ಚಪ್ಪಡಿಯ ಮೇಲೆ ನೀರು ಚಿಮುಕಿಸಿ, ಅರಿಶಿನದ ಬಟ್ಟಲನ್ನು ಅವಳ ಕೈಗೆ ಕೊಟ್ಟರು. “ಗುಂಡಗೆ ಬರಿ. ಬಾವಿ ಥರ.” ಅವಳು ಮಂಡಿಯೂರಿ ಕೂತಳು. ಮೇಲೆ ಟ್ರಾನ್ಸ್‌ಫಾರ್ಮರ್ ಜೇನಿನಂತೆ ಗುಂಯ್‌ಗುಡುತ್ತಿತ್ತು. ನೆನೆದ ಅರಿಶಿನದಲ್ಲಿ ಬೆರಳದ್ದಿ ಒಂದು ಸುತ್ತು ಎಳೆದಳು. ಗೆರೆ ತೀರ ಸಣ್ಣಗೆ ಬಂತು. ಕಲ್ಲಿನ ಮೇಲೆ ಕೂತದ್ದು ಒಂದು ಉಂಗುರ, ಕೂದಲೆಳೆಯಂಥದು, ಒಳಗೆ ಖಾಲಿ. ಅವಳು ಅದನ್ನೇ ನೋಡುತ್ತ ಉಳಿದಳು.

“ಅದೇನಮ್ಮ, ಬಳೆ ಬರ್ದಂಗೆ ಬರ್ದೆ,” ಮುದುಕರು ಮೇಲಿನಿಂದ ನಕ್ಕರು. “ಒಳಗೆ ತುಂಬು.”

“ನಿನ್ನೆನೇ ನೋಡಿದ್ದೆ ತಾತಾ.”

ದನಿ ತೀರ ಸಣ್ಣದಾಗಿತ್ತು. ಅವಳು ತಲೆಯೆತ್ತದೆ, ಉಂಗುರಕ್ಕೇ ಹೇಳುವಂತೆ ಮತ್ತೊಮ್ಮೆ ಹೇಳಿದಳು. “ನೀವು ಕೇಳ್ದಾಗ ನಂಗೆ ಕಾಣಿಸ್ತಿತ್ತು. ಇದೇ ಥರ, ಬರೀ ಸುತ್ತು. ಗೊತ್ತಾಯ್ತು. ಎಲ್ರೂ ನೋಡ್ತಿದ್ರು ಅಂತ ಇಲ್ಲ ಅಂದೆ. ಈಗ್ಲೂ ಅಂಗಡೀಲಿ ಸುಳ್ಳು ಹೇಳ್ದೆ.”

ಬೆಂಕಿಕಡ್ಡಿ ಗೀರಲು ಎತ್ತಿದ ಕೈ ಹಾಗೇ ನಿಂತದ್ದು ಅವಳಿಗೆ ನೆರಳಿನಲ್ಲಿ ಕಂಡಿತು. ಕಾಳಪ್ಪ ಕೆಮ್ಮಿದ, ನಾಲ್ಕು ಹೆಜ್ಜೆ ಹಿಂದಕ್ಕೆ ಹೋದ. ಮುದುಕರು ಮಗಾ ಎನ್ನಲಿಲ್ಲ, ಅಮ್ಮಾ ಎನ್ನಲಿಲ್ಲ. ಕಷ್ಟಪಟ್ಟು, ಬೇಲಿಯ ಸರಳು ಹಿಡಿದು, ಮೊಣಕಾಲು ಒಂದೊಂದಾಗಿ ಮಡಿಸಿ ಚಪ್ಪಡಿಯ ಆಚೆ ಬದಿಯಲ್ಲಿ ಕೂತರು. ಅವಳಿಗೆ ಕೊಡಬೇಕೆಂದಿದ್ದ ದೀಪವನ್ನು ತಾವೇ ಹಚ್ಚಿದರು. ಗಾಳಿಗೆ ಅಡ್ಡ ಕೈ ಹಿಡಿದು, ಅದು ನಿಲ್ಲುವ ತನಕ ಕಾದರು.

ಅವಳು ಬಟ್ಟಲನ್ನು ಕೆಳಗಿಟ್ಟು ಏಳಲು ನೋಡಿದಳು.

“ಅರ್ಧಕ್ಕೆ ಏಳ್ಬೇಡ,” ಎಂದರು ಮುದುಕರು, ಅವಳ ಕಡೆ ನೋಡದೆ. “ತುಂಬು.”

ವಿನುತಾ ಮತ್ತೆ ಬೆರಳದ್ದಿದಳು.